ಸೀಟಿ ಆದ ಮೇಲೆ ಹೆಸರು

ಹಂಪಣ್ಣ ಇಂಜಿನಿಯರನ ಮನೆಗೆ ತಂತಿಯಿಲ್ಲದ ಫೋನು ಬಂದ ಮೇಲೆ ಆ ಮನೆಯಲ್ಲಿ ಫೋನು ಎತ್ತುವವರೇ ಇಲ್ಲವಾದರು. ನಗಬೇಡಿ, ನಡೆದದ್ದೇ ಹಾಗೆ. ಹೈದರಾಬಾದಿನ ಆಬಿಡ್ಸಿನಲ್ಲಿ ಅಂಗಡಿ ಅಂಗಡಿ ತಿರುಗಿ, ಚೌಕಾಸಿ ಮಾಡಿ ತಂದ ಆ ಫೋನಿಗೆ ಎರಡು ಭಾಗ. ಕೈಯಲ್ಲಿ ಹಿಡಿದು ಮನೆತುಂಬ ಅಡ್ಡಾಡುತ್ತ ಮಾತಾಡುವ ಹ್ಯಾಂಡ್‌ಸೆಟ್ಟು ಒಂದು, ಅದನ್ನು ಕೂರಿಸುವ ಪೆಟ್ಟಿಗೆ ಇನ್ನೊಂದು. ಯಾರೂ ಎತ್ತದಿದ್ದರೆ ಪೆಟ್ಟಿಗೆಯೇ ಯಜಮಾನನ ದನಿಯಲ್ಲಿ ಮಾತಾಡಿ, ಫೋನು ಮಾಡಿದವರ ಮಾತನ್ನು ಒಳಗಿನ ಪುಟ್ಟ ಕ್ಯಾಸೆಟ್ಟಿಗೆ ತುಂಬಿಕೊಳ್ಳುತ್ತಿತ್ತು. ತುಂಬಿಕೊಳ್ಳುವಾಗಲೇ ಆ ಮಾತು ಪಡಸಾಲೆಗೆಲ್ಲ ಕೇಳುತ್ತಿತ್ತು.

ಹಂಪಣ್ಣನಿಗೆ ಬೇಕಾಗಿದ್ದದ್ದೂ ಅದೇ. ಶಹಾಪುರದ ಹೊಲಗಳಿಗೆ ಕೃಷ್ಣೆಯ ನೀರು ಬಂದಾಗಿನಿಂದ ಕಾಲುವೆ ಇಂಜಿನಿಯರನಿಗೆ ಕೂತಲ್ಲಿ ಕೂರುವ ಸುಖ ಇರಲಿಲ್ಲ. ಭತ್ತ ಹಚ್ಚಿದವರು ಬಿಡ್ರಿ ಅನ್ನುವರು, ಮೆಣಸಿನಕಾಯಿ ಹಾಕಿದವರು ಬಿಡಬ್ಯಾಡ್ರಿ ಅನ್ನುವರು, ಕಾಲುವೆಯ ಕೊನೆಯ ಊರಿನವರು ನಮಗ ಎಂದಾದ್ರೂ ಮುಟ್ಟಸ್ತೀರೇನು ಅನ್ನುವರು. ಈಗ ಸಾಹೇಬ ಕುರ್ಚಿಯಲ್ಲಿ ಕಾಲು ಚಾಚಿ, ಪೆಟ್ಟಿಗೆಯೊಳಗೆ ಗೋಗರೆಯುವವರ ದನಿ ಕೇಳುತ್ತ, "ಸುಳ್ಳು ಹೇಳಾಕತ್ತಾನ" ಎಂದು ಚಹಾ ಕುಡಿಯುತ್ತಿದ್ದ. ಹೆಂಡತಿ ಶಿವಬಸಮ್ಮನಿಗೂ ತಾಕೀತಾಗಿತ್ತು.

"ನೀರಿನ ದಿನದಾಗ ನೀ ಫೋನ್ ಎತ್ತಬ್ಯಾಡ. ಒಮ್ಮಿ ಹಲೋ ಅಂದ್ರ ಮುಗೀತು, ಬಿಡಂಗಿಲ್ಲ ಅವ್ರು."

"ಖರೇನ ತ್ರಾಸಿನಾಗ ಇದ್ದವ್ರು ಮಾಡಿದ್ರ?"

"ಗೇಟ್ ಎತ್ತೂ ಮುಂದ ಎಲ್ಲಾರೂ ತ್ರಾಸಿನಾಗ ಇರ್ತಾರ. ಒಬ್ಬನ ಎಮ್ಮಿ ಸಿಕ್ಕಿರ್ತದ, ಇನ್ನೊಬ್ಬನ ಕೂಸು ಬಿದ್ದಿರ್ತದ. ಹೋಗಿ ನೋಡಿದ್ರ ಎಮ್ಮೀನೂ ಇಲ್ಲ, ಕೂಸೂ ಇಲ್ಲ."

ಪೆಟ್ಟಿಗೆಗೆ ಯಜಮಾನನ ದನಿ ತುಂಬಲು ಒಂದು ಇಡೀ ಸಂಜೆ ಹಿಡಿದಿತ್ತು. ಗುಂಡಿ ಒತ್ತಿ ಹಿಡಿಯಬೇಕು, ಸೀಟಿ ಆಗಬೇಕು, ಮಾತಾಡಬೇಕು, ಬಿಡಬೇಕು. ಮೊದಲ ಸಲ ಕುಕ್ಕರ್ ಕೂಗಿತು. ಎರಡನೆಯ ಸಲ ಅವನೇ ಕೆಮ್ಮಿದ. ಕೊನೆಗೆ ರೇಡಿಯೋದ ವಾರ್ತೆ ಓದುವವರ ಗತ್ತಿನಲ್ಲಿ, "ನಮಸ್ಕಾರ. ನಾವು ಮನೆಯಲ್ಲಿಲ್ಲ. ಸೀಟಿ ಕೇಳಿದ ಬಳಿಕ ಮಾತನಾಡಿ" ಎಂದು ಹೇಳಿಟ್ಟ. ಫೋನು ಮಾಡಿದ ರೈತರು, "ಮನಿಯಾಗಿಲ್ಲಂದ್ರ ಈಗ ಮಾತಾಡಿದವ್ರು ಯಾರ್ರಿ?" ಎಂದು ಕೇಳಿ, ಉತ್ತರಕ್ಕೆ ಕಾದು ಕೂರುತ್ತಿದ್ದರು. ಅಷ್ಟರಲ್ಲಿ ಪೆಟ್ಟಿಗೆ ಕಟ್ ಆಗುತ್ತಿತ್ತು.

ಆ ದಿನ ಮೇಲೆಲ್ಲೋ ಮಳೆಯಾಗಿ ದೊಡ್ಡ ಕಾಲುವೆ ದಂಡೆ ಮುಟ್ಟಿ ಹರಿಯುತ್ತಿತ್ತು. ಮರುದಿನ ಬಿಡಬೇಕಿದ್ದ ನೀರನ್ನು ಅಂದೇ ಮರಿಕಾಲುವೆಗಳಿಗೆ ಬಿಡಬೇಕಾಯಿತು. ಮರಿಕಾಲುವೆ ಎರಡು. ಒಂದರ ಗೇಟು ಸುರಪುರದ ಕಡೆ, ಇನ್ನೊಂದರದು ಯಾದಗಿರಿ ರಸ್ತೆಯ ಕಡೆ. ಹಂಪಣ್ಣ ಅರ್ಧ ಊಟಕ್ಕೇ ಎದ್ದು ಜೀಪು ಹತ್ತಿ ಹೋದ.

ಶಿವಬಸಮ್ಮ ತಲೆಗೆ ನೀರು ಹಾಕಿಕೊಂಡು ಬಚ್ಚಲಿನಿಂದ ಹೊರಬರುವಾಗ ಫೋನು ಬಡಿದುಕೊಂಡು ನಿಂತಿತು. ಗಂಡನ ನಮಸ್ಕಾರ ಮುಗಿಯಿತು. ಸೀಟಿ ಆಯಿತು. ಆಮೇಲೆ ಒಂದು ಹೆಣ್ಣಿನ ದನಿ.

"ಸಾಹೇಬ್ರ, ನಾನ್ರಿ. ನೀರ ಬಿಡಬ್ಯಾಡ್ರಿ. ನಮ್ಮನಿಯವ್ರು ಮೋರಿಯೊಳಗ ಇಳದಾರ್ರಿ, ಹೂಳ ತೆಗಿಯಾಕ. ನಾಳಿ ನೀರು ಅಂದಿದ್ರಿ. ಇವತ್ತ ಬಿಡ್ತಾರಂತ ಬಸ್ಸಿಳದವ್ರು ಅಂದ್ರು." ಸ್ವಲ್ಪ ಹೊತ್ತು ಬರೀ ಉಸಿರು. "ಸಾಹೇಬ್ರ, ಕೇಳಿಸ್ತೇನ್ರಿ? ಹೂಂ ಅನ್ರಿ."

ಹೂಂ ಅನ್ನುವವರು ಯಾರು. ಪೆಟ್ಟಿಗೆ ಕಟ್ ಆಯಿತು.

ಕಾಲುವೆ ಇಂಜಿನಿಯರನ ಹೆಂಡತಿಗೆ ಮೋರಿ ಅಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ರಸ್ತೆ ಅಡ್ಡ ಬಂದಲ್ಲಿ ಕಾಲುವೆ ಅದರ ಕೆಳಗೆ ಸಿಮೆಂಟಿನ ಪೈಪಿನೊಳಗೆ ಹಾಯುತ್ತದೆ. ವರ್ಷಗಟ್ಟಲೆ ಹೂಳು ತುಂಬಿ, ಮನುಷ್ಯ ಹೊಟ್ಟೆಯ ಮೇಲೆ ತೆವಳುವಷ್ಟೇ ಜಾಗ ಉಳಿದಿರುತ್ತದೆ. ನೀರು ಬಂದರೆ ಆ ಜಾಗವೂ ನೀರಿನದು.

ಅವಳು ಹ್ಯಾಂಡ್‌ಸೆಟ್ಟಿಗೆ ಕೈಹಾಕಿದಳು. ಅಲ್ಲಿರಲಿಲ್ಲ. ಹಾಸಿಗೆ ಕೊಡವಿದಳು, ಅಡುಗೆಮನೆಯ ಮಾಡದಲ್ಲಿ ನೋಡಿದಳು, ದೇವರ ಜಗಲಿಯನ್ನೂ ಬಿಡಲಿಲ್ಲ. ಪೆಟ್ಟಿಗೆಯಲ್ಲೊಂದು ಗುಂಡಿ ಇತ್ತು. ಒತ್ತಿದರೆ ಹ್ಯಾಂಡ್‌ಸೆಟ್ಟು ಇದ್ದಲ್ಲಿಂದ ಕುಂಯ್‌ಗುಡುತ್ತಿತ್ತು. ಒತ್ತಿದಳು. ಮನೆ ತಣ್ಣಗಿತ್ತು. ಆಗ ಹೊಳೆಯಿತು. ಬೆಳಗಿನಿಂದ ಗಂಡ ಅದನ್ನು ಅಂಗಿಯ ಜೇಬಿನಲ್ಲಿ ಸಿಗಿಸಿಕೊಂಡು ಓಡಾಡುತ್ತಿದ್ದ. ಹಾಗೇ ಜೀಪು ಹತ್ತಿದ್ದಾನೆ.

ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಒಪ್ಪಿಸಿ ಆಗಿತ್ತು. ಉಳಿದದ್ದು ಈ ಪೆಟ್ಟಿಗೆ. ಇದಕ್ಕೆ ಬಾಯಿ ಇದೆ, ಫೋನು ಬಂದಾಗ ಮನೆಯವರ ಮಾತು ಕೇಳಲು ಕಿವಿ ಇಲ್ಲ. ಒದ್ದೆ ಕೂದಲಲ್ಲೇ ಹೊರಗೆ ಓಡಿ, ಎದುರುಮನೆಯ ದಸ್ತಗೀರಸಾಬನನ್ನು ಕೂಗಿದಳು. ಅವನು ತನ್ನ ಟಂಟಂ ಆಟೋದ ಗಾಲಿ ಒರೆಸುತ್ತಿದ್ದ.

"ದಸ್ತಗೀರಣ್ಣ, ಗಾಡಿ ಚಾಲೂ ಮಾಡ್ರಿ. ಕೆನಾಲಿನ ಗೇಟಿಗೆ ಹೋಗಬೇಕು."

"ಯಾವ ಕಡೀದಕ್ಕ, ಅಕ್ಕಾರ?"

ಅದೇ ಗೊತ್ತಿಲ್ಲ. ಸುರಪುರದ ಕಡೆಗೆ ಹೋಗಿ, ಅಲ್ಲ ಎಂದಾದರೆ ತಿರುಗಿ ಯಾದಗಿರಿ ರಸ್ತೆ ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅವಳು ಬಾಗಿಲಲ್ಲೇ ನಿಂತಳು. ಒಳಗೆ ಫೋನು ಮತ್ತೆ ಬಡಿದುಕೊಂಡಿತು.

"ಸಾಹೇಬ್ರ, ಮತ್ತ ನಾನ್ರಿ. ನೀವು ಮನ್ಯಾಗ ಅದೀರಿ, ನಿಮ್ಮ ದನಿ ಕೇಳಾಕತ್ತದ. ಯಾಕ ಉತ್ತರ ಕೊಡವಲ್ರಿ? ಬೇಕಂದ್ರ ಆಮ್ಯಾಲ ಬೈರಿ. ಮೋರಿ ಊರಿಂದ ದೂರ ಅದರಿ, ನಾ ಓಡಿದ್ರೂ ನೀರಿನಕಿಂತ ಮುಂದ ಮುಟ್ಟಂಗಿಲ್ಲ."

"ತಂಗಿ, ಯಾವ ಊರು? ಊರ ಹೇಳು," ಎಂದು ಶಿವಬಸಮ್ಮ ಪೆಟ್ಟಿಗೆಯ ಮೇಲೆ ಬಗ್ಗಿ ಕೂಗಿದಳು. ಅತ್ತ ಅವಳು ತನ್ನಷ್ಟಕ್ಕೆ ಬೇಡಿಕೊಳ್ಳುತ್ತಲೇ ಇದ್ದಳು. ಇಬ್ಬರೂ ಒಟ್ಟಿಗೆ ಮಾತಾಡಿದರು, ಒಬ್ಬಳದು ಮಾತ್ರ ಕೇಳಿತು. ಪೆಟ್ಟಿಗೆ ಮತ್ತೆ ಕಟ್ ಆಯಿತು.

ಶಿವಬಸಮ್ಮನಿಗೆ ಸಿಟ್ಟು ನೆತ್ತಿಗೇರಿತು. ಗಂಡನ ಮೇಲೆ, ಆ ಹಾಳು ನಮಸ್ಕಾರದ ಮೇಲೆ. ಬೇಡುವವಳಿಗೆ ಪ್ರತಿ ಸಲವೂ ಅದೇ ವಾರ್ತೆ. ಅದನ್ನಾದರೂ ಅಳಿಸಿ ಒಗೆಯಬೇಕು ಅಂದುಕೊಂಡಳು. ಅಂದುಕೊಂಡವಳಿಗೆ ದಾರಿ ಕಂಡಿತು. ಇತ್ತಲಿಂದ ಅತ್ತ ಹೋಗುವ ಮಾತು ಅದೊಂದೇ ಅಲ್ಲವೇ? ಗಂಡನ ದನಿ ಇದ್ದಲ್ಲಿ ತನ್ನ ದನಿ ಇಟ್ಟರೆ?

ಗುಂಡಿ ಒತ್ತಿ ಹಿಡಿದಳು. ಸೀಟಿ ಆಯಿತು.

"ತಂಗಿ, ನಾನು ಸಾಹೇಬ್ರ ಮನಿಯಾಕಿ. ನೀ ಹೇಳಿದ್ದೆಲ್ಲಾ ಕೇಳೇನಿ. ನನಗ ತಿರುಗಿ ಮಾತಾಡಾಕ ಬರಂಗಿಲ್ಲ, ಸಿಟ್ಟಾಗಬ್ಯಾಡ. ಸೀಟಿ ಆದ ಕೂಡಲೇ ನಿನ್ನ ಊರು ಹೇಳು, ಮೋರಿ ಎಲ್ಲಿ ಅದ ಹೇಳು, ಗಂಡನ ಹೆಸರು ಹೇಳು. ನಾನ ಹೋಗಿ ಗೇಟ್ ಬಂದ್ ಮಾಡಸ್ತೀನಿ."

ಹೆಸರು ಯಾಕೆ ಕೇಳಿದಳೆಂದರೆ, ತನ್ನ ಗಂಡನನ್ನು ಬಲ್ಲಳು. ಯಾರೋ ಯಾವಳೋ ಹೇಳಿದಳೆಂದರೆ ಅವನು ಗೇಟಿನ ಚಕ್ರ ಮುಟ್ಟುವವನಲ್ಲ.

ಇನ್ನು ಅವಳು ಮತ್ತೆ ಫೋನು ಮಾಡಬೇಕು. ಮಾಡದಿದ್ದರೆ? ಮೋರಿಯ ಕಡೆ ಓಡಿಬಿಟ್ಟಿದ್ದರೆ? ಹೊರಗೆ ಟಂಟಂ ಗುಡುಗುಡು ಅನ್ನುತ್ತಿತ್ತು. ಶಿವಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿಕೊಂಡೇ ಪಡಸಾಲೆಯಲ್ಲಿ ನಿಂತಳು. ಫೋನು ಬಡಿಯಿತು. ಅವಳದೇ ದನಿ ಹೋಗಿ ಸೀಟಿ ಆಯಿತು.

"ಅಕ್ಕಾರ, ನನಗ ಗಂಡ ಎಲ್ಲಿಂದ ಬರಬೇಕ್ರಿ? ನಾ ಗೊಬ್ಬರದಂಗಡಿ ಮರಿಲಿಂಗಪ್ಪ," ಎಂದಿತು ಒಂದು ಗಂಡು ದನಿ. "ಸಾಹೇಬ್ರು ಬಂದ್ರ…"

"ಇಡೋ ಫೋನು," ಎಂದು ಅವಳು ಹಲ್ಲು ಕಡಿದಳು. ಅವನಿಗೇನು ಕೇಳಬೇಕು. ಗೊಬ್ಬರದ ಚೀಲ, ಲಾರಿ, ಹಮಾಲಿ ಎಂದು ಕಟ್ ಆಗುವ ತನಕ ಹೇಳಿಯೇ ಬಿಟ್ಟ.

ಆಮೇಲೆ ಮತ್ತೆ ಬಡಿಯಿತು. ಸೀಟಿ ಆದ ಮೇಲೆ ಮಾತೇ ಇಲ್ಲ, ಬಿಕ್ಕಳಿಕೆ.

"ಊರು ಕರಿಗುಡ್ಡರಿ. ಯಾದಗಿರಿ ರಸ್ತಾದ ಕೆಳಗಿನ ಮೋರಿ. ನಾ ಲಾಲಮ್ಮರಿ." ಅಷ್ಟಕ್ಕೆ ನಿಂತಿತು. "ಹೆಸರೇನ್ರಿ… ನಮ್ಮತ್ತಿ ದೇವಕಮ್ಮನ ದೊಡ್ಡ ಮಗರಿ. ಎಲ್ಲಾರಿಗೂ ಗೊತ್ತರಿ."

"ಹೇಳ, ನಮ್ಮವ್ವ, ಕಟ್ ಆಗ್ತದ," ಎಂದಳು ಶಿವಬಸಮ್ಮ. ಅತ್ತ ಆಕೆ ಪಡುತ್ತಿರುವ ಪಾಡು ಅವಳಿಗೆ ತಿಳಿಯದ್ದಲ್ಲ. ಅವಳೇ ಗಂಡನ ಹೆಸರನ್ನು ಮದುವೆಯ ದಿನ ಒಡಪು ಕಟ್ಟಿ, ಪದ್ಯದೊಳಗೆ ಹುದುಗಿಸಿ ಹೇಳಿದ್ದೇ ಕೊನೆ. ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಆಡದ ಮಾತನ್ನು, ಗಂಡನ ಆಯುಷ್ಯಕ್ಕಾಗಿಯೇ ಆಡು ಅಂದರೆ ನಾಲಗೆ ಹೇಗೆ ಹೊರಳೀತು?

"ಖಂಡಪ್ಪ," ಎಂದಿತು ಪೆಟ್ಟಿಗೆ. "ಖಂಡಪ್ಪ ಅಂತರಿ."

ಯಾದಗಿರಿ ರಸ್ತೆ ಅಂದದ್ದೇ ತಡ, ದಸ್ತಗೀರಸಾಬ ಟಂಟಂ ಓಡಿಸಿದ ಪರಿ ಕೇಳಬೇಡಿ. ತಗ್ಗು ನೋಡಲಿಲ್ಲ, ದಿಬ್ಬ ನೋಡಲಿಲ್ಲ. ಶಿವಬಸಮ್ಮ ಎರಡೂ ಕೈಯಲ್ಲಿ ಸರಳು ಹಿಡಿದು, ಬಾಯಲ್ಲಿ ಬಸವಣ್ಣ ಬಸವಣ್ಣ ಅನ್ನುತ್ತ ಕೂತಿದ್ದಳು. ಗೇಟು ಕಾಣುವ ಮುಂಚೆಯೇ ನೀರಿನ ಸಪ್ಪಳ ಕೇಳಿತು.

ಗೇಟು ಎತ್ತಿ ಆಗಿತ್ತು. ಕೆಂಪು ನೀರು ನೊರೆ ಕಟ್ಟಿಕೊಂಡು ಮರಿಕಾಲುವೆಗೆ ಬೀಳುತ್ತಿತ್ತು. ಗೇಟು ಕಾಯುವ ಸಾಬಣ್ಣ ಚಕ್ರದ ಹತ್ತಿರ ಬೀಡಿ ಹಚ್ಚಿದ್ದ. ಹಂಪಣ್ಣ ಸೊಂಟಕ್ಕೆ ಕೈ ಕೊಟ್ಟು ನೀರು ನೋಡುತ್ತಿದ್ದ. ಅಂಗಿಯ ಜೇಬಿನಿಂದ ಹ್ಯಾಂಡ್‌ಸೆಟ್ಟು ತಲೆ ಹೊರಗೆ ಹಾಕಿತ್ತು.

"ಬಂದ್ ಮಾಡಸ್ರಿ," ಎಂದಳು ಶಿವಬಸಮ್ಮ. "ಕರಿಗುಡ್ಡದ ಮೋರಿಯೊಳಗ ಮನಷ್ಯಾ ಅದಾನ."

"ಯಾರಂದ್ರು?"

"ಅವನ ಹೇಣ್ತಿ. ಫೋನಿನಾಗ."

ಹಂಪಣ್ಣ ನಕ್ಕ. "ಎತ್ತಬ್ಯಾಡ ಅಂದಿದ್ನೋ ಇಲ್ಲೋ? ಪ್ರತಿ ಸಲ ಇದ ಆಟ. ಹೊಲದಾಗ ಏನರ ಕೆಲಸ ಉಳದಿರ್ತದ, ಒಂದೀಟು ತಡೀಲಿ ಅಂತ ಹಿಂಗ…"

"ಎತ್ತಾಕ ನೀವು ಮನ್ಯಾಗ ಏನ ಇಟ್ಟೀರಿ? ಜೇಬು ನೋಡ್ಕೋರಿ." ಅವನ ಕೈ ತಾನಾಗಿ ಜೇಬಿಗೆ ಹೋಯಿತು, ಮುಖ ಸಣ್ಣದಾಯಿತು. "ಖಂಡಪ್ಪ ಅಂತ. ದೇವಕಮ್ಮನ ಮಗ. ಆ ಹೆಣ್ಮಗಳು ಗಂಡನ ಹೆಸರು ಬಾಯಿಬಿಟ್ಟು ಹೇಳ್ಯಾಳ್ರಿ. ಅದೂ ಎರಡು ಸಲ."

ಹಂಪಣ್ಣ ಹೆಂಡತಿಯ ಮುಖ ನೋಡಿದ. ಎಮ್ಮೆಯ ಹೆಸರಿನಲ್ಲಿ ಸುಳ್ಳು ಹೇಳುವವರುಂಟು, ಕೂಸಿನ ಹೆಸರಿನಲ್ಲಿ ಹೇಳುವವರೂ ಉಂಟು. ಒಂದಿಷ್ಟು ನೀರು ತಡೆಯಲೆಂದು ಗಂಡನ ಹೆಸರು ಹಿಡಿಯುವ ಹೆಣ್ಣು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಅದು ಅವನಿಗೆ ಗೊತ್ತಿತ್ತು.

"ಸಾಬಣ್ಣ, ಇಳಸು," ಎಂದವನು ಕಾಯಲಿಲ್ಲ, ತಾನೇ ಚಕ್ರಕ್ಕೆ ಬಿದ್ದ. ಇಬ್ಬರೂ ಸೇರಿ ತಿರುಗಿಸಿದರು. ಗೇಟು ಕಿರುಗುಟ್ಟುತ್ತ ಇಳಿಯಿತು.

ಆದರೆ ಬಿಟ್ಟ ನೀರು ಹೋಗಿತ್ತು. ಅದನ್ನು ಯಾರು ವಾಪಸು ಕರೆಯಬೇಕು? ಮೂವರೂ ಹತ್ತಿದ ಜೀಪು ದಂಡೆಯ ಮೇಲೆ ಎದ್ದು ಬಿದ್ದು ಓಡಿತು. ಹಾದಿಯಲ್ಲೊಂದು ಕಡೆ ನೀರಿನ ಮೊದಲ ನಾಲಗೆ ಕಂಡಿತು. ಕಸಕಡ್ಡಿ, ಒಣ ಎಲೆ, ಇರುವೆಗೂಡು ಎಲ್ಲವನ್ನೂ ತಳ್ಳಿಕೊಂಡು ಬರುತ್ತಿತ್ತು. ಜೀಪು ಅದನ್ನು ದಾಟಿ ಮೋರಿಯ ಹತ್ತಿರ ನಿಂತಿತು.

ದಂಡೆಯ ಮೇಲೆ ಅಂಗಿ, ಚಪ್ಪಲಿ, ಹಸಿ ಹೂಳಿನ ಗುಡ್ಡೆ. ಮೋರಿಯ ಬಾಯಿಗಿದ್ದ ಕಬ್ಬಿಣದ ಜಾಳಿಗೆಯನ್ನು ಕಿತ್ತು ಬದಿಗಿಟ್ಟಿದ್ದ.

"ಖಂಡಪ್ಪ," ಎಂದು ಹಂಪಣ್ಣ ಬಗ್ಗಿ ಕೂಗಿದ. ಉತ್ತರವಿಲ್ಲ. ಸಾಬಣ್ಣ ಕೂಗಿದ. ಕತ್ತಲೆಯೊಳಗೆ ಅವನ ಕೂಗೇ ತಿರುಗಿ ಬಂತು. ಶಿವಬಸಮ್ಮ ದಂಡೆಯ ತುದಿಗೆ ಬಂದು ಬಗ್ಗಿ ನೋಡಿದಳು. ಒಳಗೆ ಉಸಿರುಕಟ್ಟಿ ಬಿದ್ದಿದ್ದಾನೆಯೇ? ಹಂಪಣ್ಣ ಅಂಗಿ ಬಿಚ್ಚಿ ಕಾಲುವೆಗೆ ಇಳಿದ. ದೂರದಲ್ಲಿ ನೀರಿನ ಸರಸರ ಶುರುವಾಗಿತ್ತು.

ಆಗ ರಸ್ತೆಯ ಮೇಲೆ ಯಾರದೋ ಸೈಕಲ್ಲು ಬಂದು ನಿಂತಿತು. ಹಿಂದೆ ಕೂತಿದ್ದ ಹೆಣ್ಣು ಹಾರಿ ಇಳಿದು, ಸೆರಗು ಎಲ್ಲೋ ತಾನೆಲ್ಲೋ ಎಂಬಂತೆ ದಂಡೆ ಜಾರಿ ಬಂದಳು. ಶಿವಬಸಮ್ಮ ಅವಳನ್ನು ಕಂಡವಳಲ್ಲ, ಉಸಿರಿನಿಂದಲೇ ಗುರುತು ಹಿಡಿದಳು. ಲಾಲಮ್ಮ ಸಾಹೇಬನನ್ನು ನೋಡಲಿಲ್ಲ, ಯಾರನ್ನೂ ನೋಡಲಿಲ್ಲ. ಮೋರಿಯ ಬಾಯಿಗೆ ತಲೆ ಕೊಟ್ಟಳು.

"ಖಂಡಪ್ಪ. ಏ ಖಂಡಪ್ಪ. ನೀರು ಬಂತು, ಹೊರಗ ಬಾ."

ಆಮೇಲೆ ಒಳಗೆ ಕೆಸರು ಮಿಸುಕಿತು.

"ಯಾರಾಕಿ ಅಕಿ, ನನ್ನ ಹೆಸರು ಹಿಡದು ಕರಿಯಾಕಿ?"

ಹಂಪಣ್ಣ ಕೈ ಚಾಚಿದ, ಸಾಬಣ್ಣ ತೋಳು ಹಿಡಿದ. ಅಡಿಯಿಂದ ಮುಡಿತನಕ ಹೂಳು ಮೆತ್ತಿದ ಮನುಷ್ಯ ಹೊರಗೆ ಬಂದು ದಂಡೆ ಹತ್ತಿದ. ಹಿಂದೆಯೇ ನೀರು ಬಂದು ಮೋರಿಯೊಳಗೆ ನುಗ್ಗಿತು. ಇದ್ದ ಸಂದು ತುಂಬಿ, ಬಾಯಿ ಮುಚ್ಚಿತು. ಐವರೂ ಅದನ್ನೇ ನೋಡಿದರು.

"ಕರದ್ರ ಓ ಅನ್ನಾಕ ಏನಾಗಿತ್ತು?" ಎಂದ ಹಂಪಣ್ಣ.

"ಜಾಳಿಗಿ ಕಿತ್ತೇನಲ್ರಿ. ಜೀಪಿನ ಸಪ್ಪಳ ಕೇಳಿ, ಕೇಸ್ ಹಾಕಾಕ ಬಂದ್ರಿ ಅಂತ ಉಸರ ಹಿಡದಿದ್ದೆ," ಎಂದ ಖಂಡಪ್ಪ. ಆಮೇಲೆ ಹೆಂಡತಿಯ ಕಡೆ ತಿರುಗಿದ. ಅವನಿಗೆ ನೀರಿಗಿಂತ ಹೆಸರೇ ದೊಡ್ಡದಾಗಿತ್ತು. "ನಾಲ್ಕು ಮಂದಿ ಮುಂದ ಹೆಸರು ಹಿಡದು ಕರಿತೀಯಲ್ಲ, ನಾಚಿಕಿ ಇಲ್ಲೇನು?"

ಲಾಲಮ್ಮ ಕೆಸರಿನಲ್ಲೇ ಕೂತುಬಿಟ್ಟಳು. ಕಣ್ಣಿನಿಂದ ಇಳಿಯುವುದನ್ನು ಒರೆಸಿಕೊಳ್ಳಲೂ ಇಲ್ಲ.

"ಇಲ್ಲ," ಎಂದಳು. "ನೀ ಓ ಅಂತಿರು, ನಾ ಕರೀತಿರ್ತೀನಿ."