ಒಬ್ಬರಾದರೆ ಹೀ, ಹೆಚ್ಚಾದರೆ ದೇ

ಇಂಗ್ಲಿಷ್ ಮೇಡಂಗೆ ಮಕ್ಕಳೆಲ್ಲ ಸೇರಿ ಇಟ್ಟ ಹೆಸರು ಕೆಂಪಿಂಕು. ಅವರು ಪೆನ್ನಿನ ಮುಚ್ಚಳ ತೆಗೆದರೆ ಸಾಕು, ಹೈಸ್ಕೂಲಿನ ಆ ಕ್ಲಾಸಿನಲ್ಲಿ ಮುಂದಿನ ಬೆಂಚಿನ ಜಾಣರೂ ತಲೆ ತಗ್ಗಿಸುತ್ತಿದ್ದರು. ಆ ದಿನ ಅವರ ಕೈಗೆ ಸಿಕ್ಕಿದ್ದು ಗುಬ್ಬಿಯ ಪ್ರಬಂಧ. ಗುಬ್ಬಿ ಅನ್ನುವುದು ಅವಳ ಅಪ್ಪ ಕರೆಯುವ ಹೆಸರು. ನಾವೂ ಹಾಗೇ ಕರೆಯೋಣ, ಅವಳೇನೂ ಬೇಜಾರು ಮಾಡಿಕೊಳ್ಳುವವಳಲ್ಲ.

'ಮೈ ಫಾದರ್' ಅಂತ ತಲೆಬರಹ. ಕೆಳಗೆ ಮುದ್ದಾದ ಅಕ್ಷರದಲ್ಲಿ: ಮೈ ಫಾದರ್ ಕೇಮ್ ಹೋಮ್. ದೇ ಆರ್ ಸಿಟಿಂಗ್ ಇನ್ ದ ಚೇರ್. ದೇ ಡು ನಾಟ್ ಟಾಕ್ ಮಚ್. ದೇ ಲವ್ ಮೀ.

"ದೇ ಅಂತೆ, ದೇ! ಎಷ್ಟು ಜನ ಅಪ್ಪಂದಿರಮ್ಮಾ ನಿಂಗೆ?" ಅಂದರು ಕೆಂಪಿಂಕು. ಕ್ಲಾಸೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಗುಬ್ಬಿಯ ಕಿವಿ ಬಿಸಿಯಾಯಿತು. "ಒಬ್ರೇ ಮೇಡಂ. ಅವರು ಅಂದ್ರೆ ದೇ ಅಲ್ವಾ?"

"ಒಬ್ಬರಾದ್ರೆ ಹೀ. ಒಬ್ಬರಿಗಿಂತ ಹೆಚ್ಚಾದ್ರೆ ದೇ."

"ಹೀ ಅಂದ್ರೆ ಅವನು ಅಂತ ಆಗುತ್ತೆ ಮೇಡಂ. ಅಪ್ಪಂಗೆ ಹೇಗೆ ಅವನು ಅನ್ನೋದು?"

"ಇಂಗ್ಲಿಷಿಗೆ ನಿನ್ನ ಮರ್ಯಾದೆ ಬೇಡಮ್ಮಾ, ಲೆಕ್ಕ ಬೇಕು. ಕುರ್ಚೀಲಿ ಎಷ್ಟು ಜನ ಕೂತಿದಾರೆ ಎಣಿಸು, ಆಮೇಲೆ ಬರಿ. ಮನೇಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡ್ಕೋ, ನಾಳೆ ತಿದ್ದಿ ತಗೊಂಡು ಬಾ."

ಎಣಿಸು ಅಂದುಬಿಟ್ಟರು! ಹೇಳುವವರಿಗೇನು, ಹೇಳಿ ಪುಸ್ತಕ ಮುಚ್ಚಿ ಸ್ಟಾಫ್ ರೂಮಿಗೆ ಹೋಗುತ್ತಾರೆ. ಆ ಮನೆಗೆ ಹೋಗಿ ಎಣಿಸಬೇಕಾದವಳು ಗುಬ್ಬಿ.

ಅವಳ ಅಪ್ಪ ಸುರಂಗ ಕೊರೆಯುವ ಕೆಲಸದವರು. ಬಲು ಒಳ್ಳೆಯ ಮನುಷ್ಯ, ಅತಿಯಾಯಿತು ಅನ್ನುವಷ್ಟು ಒಳ್ಳೆಯವರು. ಬಸ್ಸಿನಲ್ಲಿ ಸೀಟು ಸಿಕ್ಕರೂ ಅವರಿಗೆ ದಕ್ಕಿದ್ದೇ ಇಲ್ಲ. ಯಾರಾದರೂ ನಿಂತಿದ್ದು ಕಂಡರೆ ಸಾಕು, "ನೀವು ಕೂತ್ಕೊಳ್ಳಿ" ಅಂತ ಎದ್ದುಬಿಡುವರು. ಅಮ್ಮ ಬೈದು ಬೈದು ಸುಸ್ತಾಗಿದ್ದಳು.

ಗುಡ್ಡದ ಹೊಟ್ಟೆಯೊಳಗೆ ರೈಲಿಗೆ ದಾರಿ ಮಾಡುವ ತಂಡ ಅವರದು. ರಜೆ ಬಂತೆಂದರೆ ತಂಡವೆಲ್ಲ ಇವರ ಮನೆಯಲ್ಲೇ ಠಿಕಾಣಿ. ಮಾತಿಗೊಮ್ಮೆ ಕೆಮ್ಮುವ ಮೇಸ್ತ್ರಿ, ಅವರಿಗೆ ಗುಬ್ಬಿ ಯಾವಾಗಲೂ 'ಮಗೂ'. ಬಾಯಿ ಬಿಡದೆ, ಎಡಗೈ ಬೆರಳಿನಿಂದ ಸದಾ ಮೇಜು ತಟ್ಟುತ್ತ ಕೂರುವ ಡ್ರಿಲ್ಲಿನವನು. ಆಮೇಲೆ ಶಿಳ್ಳೆ ಅಂತ ಹೆಸರು ಬಿದ್ದವನು, ಎಲ್ಲರಿಗಿಂತ ಚಿಕ್ಕವನು, ಆಗಷ್ಟೇ ಮದುವೆ ಗೊತ್ತಾಗಿದ್ದವನು. ಗುಬ್ಬಿಯನ್ನು ರೇಗಿಸಲಿಕ್ಕೆಂದೇ ಅವನು 'ಪುಟ್ಟಕ್ಕಾ' ಅನ್ನುತ್ತಿದ್ದ.

ಬೇಸಿಗೆಯಲ್ಲಿ ಸುರಂಗ ಕುಸಿಯಿತು. ಕಲ್ಲುಮಣ್ಣು ತೆಗೆಯುವ ಹೊತ್ತಿಗೆ ಒಳಗಿದ್ದ ನಾಲ್ವರಲ್ಲಿ ಉಸಿರಿದ್ದದ್ದು ಅಪ್ಪನೊಬ್ಬರಿಗೇ. ಕತ್ತಲಲ್ಲಿ ಎಲ್ಲರೂ ಕೈ ಕೈ ಹಿಡಿದುಕೊಂಡು ಕೂತಿದ್ದರಂತೆ. ಅಪ್ಪನ ಬೆರಳು ಬಿಡಿಸಲಿಕ್ಕೆ ಬಹಳ ಕಷ್ಟವಾಯಿತಂತೆ.

ಅಪ್ಪ ಮನೆಗೆ ಬಂದರು. ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತರು. ಕೆಮ್ಮು ಶುರುವಾಯಿತು. ಅಷ್ಟು ಧೂಳು ಕುಡಿದವರು ಕೆಮ್ಮದೆ ಇರುತ್ತಾರಾ ಅಂದರು ಡಾಕ್ಟರು. ಅದೂ ಸರಿಯೇ. ಆದರೆ ಎಲ್ಲಕ್ಕೂ ಬಲಗೈ ಬಳಸುವ ಅಪ್ಪ ಎಡಗೈ ಬೆರಳಿನಿಂದ ಕುರ್ಚಿಯ ತೋಳು ತಟ್ಟುತ್ತ ಕೂರುವುದು ಯಾವ ಧೂಳಿಗೆ? ಹುಟ್ಟಿದಾಗಿನಿಂದ ಒಂದು ಶಿಳ್ಳೆ ಹಾಕಲು ಬಾರದವರು ಸಂಜೆಯಾದರೆ ಕಿಟಕಿಗೆ ಮುಖ ಮಾಡಿ ರಾಗವಾಗಿ ಶಿಳ್ಳೆ ಹಾಕುವುದು? "ಮಗೂ, ನೀರು ಕೊಡು" ಅನ್ನುವರು. ಮರುಗಳಿಗೆಗೆ "ಪುಟ್ಟಕ್ಕಾ, ಸ್ಕೂಲಿಲ್ವಾ?" ಅನ್ನುವರು. ಅಪರೂಪಕ್ಕೆ, ಯಾವಾಗಲೋ ಒಮ್ಮೆ, "ಗುಬ್ಬೀ" ಅನ್ನುವರು. ಆ ಒಂದು ಕರೆಗಾಗಿ ಅವಳು ಮೈಯೆಲ್ಲ ಕಿವಿಯಾಗಿ ಕುರ್ಚಿಯ ಸುತ್ತ ಸುಳಿದಾಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ಅಪ್ಪ ಪೂರ್ತಿಯಾಗಿ ತನಗೆ ವಾಪಸು ಸಿಗಬೇಕು.

ಅಮ್ಮನಿಗೆ ಹೇಳೋಣವೆಂದರೆ ಅಮ್ಮ ಹೊಲಿಗೆ ಯಂತ್ರದಿಂದ ತಲೆಯೆತ್ತುತ್ತಿರಲಿಲ್ಲ. "ಅವರಿಗೆ ನೀರಿಟ್ಟು ಬಾ" ಅನ್ನುತ್ತಿದ್ದಳು, ಅಷ್ಟೇ.

ಆ ಸಂಜೆ ಸ್ಕೂಲಿನಿಂದ ಬಂದ ಗುಬ್ಬಿ ಬ್ಯಾಗು ಕೂಡ ಇಳಿಸದೆ ಬಾಗಿಲಲ್ಲೇ ನಿಂತು ಎಣಿಸಿದಳು. ಕುರ್ಚಿ ಒಂದು. ತಲೆ ಒಂದು. ಪಕ್ಕದ ಸ್ಟೂಲಿನ ಮೇಲೆ ನೀರಿನ ಲೋಟ ನಾಲ್ಕು. ದಿನಾ ಅಲ್ಲಿ ನಾಲ್ಕೇ ಇರುತ್ತಿದ್ದವು, ದಿನಾ ಖಾಲಿಯಾಗುತ್ತಿದ್ದವು. ಅಪ್ಪ ಸೊರಗಿ ಕಡ್ಡಿಯಾಗಿದ್ದರು, ಆದರೆ ಕುರ್ಚಿಯ ಬೆತ್ತ ಜಗ್ಗಿ ನೆಲ ಮುಟ್ಟುವಂತಿತ್ತು.

ಅಮ್ಮ 'ಅವರು' ಅನ್ನುತ್ತಿದ್ದದ್ದು ಮರ್ಯಾದೆಗಾ, ಲೆಕ್ಕಕ್ಕಾ? ನಮ್ಮ ಮಾತಿನಲ್ಲಿ ಅದೊಂದು ಅನುಕೂಲ ನೋಡಿ, ಅವರು ಅಂದುಬಿಟ್ಟರೆ ಯಾರೂ ತಲೆ ಎಣಿಸಲು ಹೋಗುವುದಿಲ್ಲ.

ಹೊಲಿದ ಬಟ್ಟೆ ಕೊಟ್ಟು ಬರಲು ಅಮ್ಮ ಹೊರಗೆ ಹೋಗಿದ್ದಳು. ಗುಬ್ಬಿ ಪ್ರಬಂಧ ಹಿಡಿದು ಕುರ್ಚಿಯ ಮುಂದೆ ನಿಂತಳು.

"ಅಪ್ಪಾ, ಇಂಗ್ಲಿಷ್ ಓದ್ತೀನಿ, ಕೇಳಿ. ಮೈ ಫಾದರ್ ಕೇಮ್ ಹೋಮ್. ಹೀ ಈಸ್ ಸಿಟಿಂಗ್ ಇನ್ ದ ಚೇರ್."

ಕೆಮ್ಮು ನಿಂತಿತು. ಗಂಟಲಲ್ಲಿ ಅರ್ಧ ಬಂದದ್ದು ಅಲ್ಲೇ ನಿಂತಿತು. ಬಾಗಿಲ ಪರದೆ, ಯಾರೋ ಸರಿಸಿಕೊಂಡು ಹೊರಗೆ ಹೋದಂತೆ ಆಡಿತು. ಕುರ್ಚಿಯ ಬೆತ್ತ ಕಿರ್ ಅಂದು ಸ್ವಲ್ಪ ಮೇಲೆದ್ದಿತು.

ಹೆದರಿಕೆಯಾಗಲಿಲ್ಲವೇ ಅಂದರೆ, ಆಯಿತು. ಆದರೆ ಆಸೆ ಹೆದರಿಕೆಗಿಂತ ದೊಡ್ಡದಾಗಿತ್ತು. ಒಬ್ಬೊಬ್ಬರಾಗಿ ಹೋಗಲಿ, ಕೊನೆಗೆ ನನ್ನಪ್ಪ ಉಳಿಯುತ್ತಾರೆ ಅಂದುಕೊಂಡಳು ಪಾಪ.

"ಹೀ ಡಸ್ ನಾಟ್ ಟಾಕ್ ಮಚ್."

ತಟ್ಟುತ್ತಿದ್ದ ಎಡಗೈ ಬೆರಳು ಸುಮ್ಮನಾದವು. ಪರದೆ ಮತ್ತೆ ಆಡಿತು. ಬೆತ್ತ ಇನ್ನಷ್ಟು ಮೇಲೆದ್ದಿತು.

ಇನ್ನೊಂದೇ ಸಾಲು. ಗುಬ್ಬಿ ಓದಿದಳು. "ಹೀ ಲವ್ಸ್ ಮೀ."

ಯಾರೋ ಅವಳ ನೆತ್ತಿಯ ಮೇಲೆ ಒರಟು ಅಂಗೈಯಿಟ್ಟು, ಕೂದಲು ಕೆದರಿ, ಪಕ್ಕದಿಂದ ದಾಟಿ ಹೋದರು. ಹಾಗೆ ಅವಳ ಕೂದಲು ಕೆದರುವವರು ಈ ಲೋಕದಲ್ಲಿ ಒಬ್ಬರೇ. ಅವಳು ಗಕ್ಕನೆ ತಿರುಗಿದಳು. ಬಾಗಿಲಲ್ಲಿ ಪರದೆ ಆಡುತ್ತಿತ್ತು.

ಹಿಂದೆ, ಕುರ್ಚಿಯಿಂದ, ಶಿಳ್ಳೆ ಶುರುವಾಯಿತು.

ಗುಬ್ಬಿ ಮೆಲ್ಲಗೆ ಈ ಕಡೆ ತಿರುಗಿದಳು. ಅವನು ತಲೆಯೆತ್ತಿದ. ಮುಖ ಅಪ್ಪನದೇ, ಗಲ್ಲದ ಮೇಲೆ ಬೆಳಿಗ್ಗೆ ಶೇವಿಂಗ್ ಮಾಡುವಾಗ ಆದ ಗಾಯವೂ ಅದೇ. ಕಣ್ಣು ಮಾತ್ರ ಅಪ್ಪನದಲ್ಲ.

"ಪುಟ್ಟಕ್ಕಾ," ಅಂದ, ಅಳುವವನಂತೆ. "ನಿಮ್ಮಪ್ಪ ಎದ್ದು ಹೋಗ್ಬಿಟ್ರಲ್ಲಾ. ನೀನು ಕೂತ್ಕೋ ಅಂದ್ರು ನಂಗೆ."

ಅಯ್ಯೋ, ಆಗ ಆ ಮಗುವಿನ ಸಂಕಟ ಯಾರಿಗೂ ಬೇಡ! ಪರದೆ ಕಿತ್ತುಬರುವಂತೆ ಎಳೆದು ಹೊರಗೆ ಓಡಿದಳು. ಬೀದಿಯಲ್ಲಿ ಇಳಿಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. "ದೇ!" ಅಂತ ಕಿರುಚಿದಳು. "ದೇ ಆರ್ ಸಿಟಿಂಗ್! ದೇ ಆರ್ ಸಿಟಿಂಗ್ ಇನ್ ದ ಚೇರ್! ಅಪ್ಪಾ, ಬನ್ನಿ. ಎಲ್ರೂ ಬನ್ನಿ. ಎಲ್ರನ್ನೂ ಕರ್ಕೊಂಡೇ ಬನ್ನಿ ಅಪ್ಪಾ."

ಬೀದಿ ಹಾಗೇ ಇತ್ತು. ಅಳುತ್ತ ಒಳಗೆ ಬಂದು ಕುರ್ಚಿಯ ಕಾಲು ತಬ್ಬಿಕೊಂಡು ನೆಲದ ಮೇಲೆ ಕೂತಳು. 'ದೇ ಆರ್, ದೇ ಆರ್' ಅಂತ ಗೊಣಗುತ್ತಲೇ ಇದ್ದಳು. ಪರದೆ ಆಡಿತು. ತಲೆಯ ಮೇಲೆ ಬೆತ್ತ ಕಿರ್ ಅಂದು ಜಗ್ಗಿತು. ಕೆಮ್ಮು ಕೇಳಿಸಿತು. ಪರದೆ ಮತ್ತೆ ಆಡಿತು, ಬೆರಳು ತಟ್ಟತೊಡಗಿದವು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಎಲ್ಲರೂ ಒಳಗೆ ಬರಲಿ ಅಂತ ಯಾರೋ ಬಾಗಿಲು ಹಿಡಿದು ನಿಂತಿದ್ದಂತೆ.

"ಗುಬ್ಬೀ," ಅಂದರು ಅಪ್ಪ. "ಯಾಕೆ ಅಳ್ತಾ ಇದೀಯೇ?"

ಅಮ್ಮ ಬಾಗಿಲಿಗೆ ಬಂದಾಗ ಗುಬ್ಬಿ ಇನ್ನೂ ಬಿಕ್ಕುತ್ತಿದ್ದಳು. ಅಮ್ಮ ಅವಳನ್ನು ನೋಡಿದಳು, ಕುರ್ಚಿಯ ಬೆತ್ತ ನೋಡಿದಳು, ಖಾಲಿ ಲೋಟಗಳನ್ನು ಎತ್ತಿಕೊಂಡಳು.

"ಎಣಿಸಿದ್ಯಾ?" ಅಂತ ಕೇಳಿದಳು. "ನಾನೂ ಒಂದ್ಸಲ ಎಣಿಸಿದ್ದೆ ಕಣೇ. ಇನ್ಮೇಲೆ ಬೇಡ."

ನಾಲ್ಕು ಲೋಟಕ್ಕೂ ನೀರು ತುಂಬಿ ತಂದಿಟ್ಟಳು.

ಮರುದಿನ ಕೆಂಪಿಂಕು ಪ್ರಬಂಧ ಬಿಡಿಸಿದವರೇ ಹಣೆ ಚಚ್ಚಿಕೊಂಡರು. "ಮತ್ತೆ ದೇ! ಇಷ್ಟು ಹೇಳಿದ್ದೆಲ್ಲ ನೀರಲ್ಲಿ ಹೋಮ!" ಪೆನ್ನಿನ ಮುಚ್ಚಳ ತೆಗೆದು, ಮೊದಲ 'ದೇ' ಹೊಡೆದುಹಾಕಲು ಕೈ ಇಳಿಸಿದರು.

ಗುಬ್ಬಿ ಹಾಳೆಯ ಮೇಲೆ ಅಂಗೈಯಿಟ್ಟು ಮುಚ್ಚಿದಳು. ಕೆಂಪು ಗೀಟು ಅವಳ ಬೆರಳ ಮೇಲೆ ಬಿತ್ತು. ಕ್ಲಾಸು ನಗಲಿಕ್ಕೆ ಬಾಯಿ ತೆರೆದದ್ದು ಹಾಗೇ ಮುಚ್ಚಿತು.

"ಸೊನ್ನೆ ಕೊಡಿ ಮೇಡಂ," ಅಂದಳು. "ಇದನ್ನ ಮಾತ್ರ ತಿದ್ದಬೇಡಿ. ಒಬ್ರಿಗೇ ಜಾಗ ಅಂದ್ರೆ ನಮ್ಮಪ್ಪ ಎದ್ದುಬಿಡ್ತಾರೆ."