ಕ್ಲಚ್ ಪೈಪಿನಲ್ಲಿ ಬೆಳ್ಳಿಯ ಕೊಳವೆ

ಸಹೃದಯ ವಾಚಕ ಮಹಾಶಯರೇ, ಈ ವೃತ್ತಾಂತವನ್ನು ತಮ್ಮ ಅವಗಾಹನೆಗೆ ತರುವ ಮುನ್ನ ನನ್ನದೊಂದು ವಿಜ್ಞಾಪನೆಯಿದೆ. ಇದರಲ್ಲಿ ಖಡ್ಗಯುದ್ಧವಿಲ್ಲ, ಅಪಹರಣಕ್ಕೊಳಗಾದ ಕನ್ಯೆಯಿಲ್ಲ, ಬಾಲ್ಕನಿಯ ಕೆಳಗೆ ನಿಂತು ಆಣೆಯಿಡುವ ಪ್ರೇಮಿಯೂ ಇಲ್ಲ. ಇರುವುದು ಒಂದು ಕ್ಲಚ್ ಪೆಡಲ್ ಮಾತ್ರ. ಆದರೆ ಒಬ್ಬ ಹೆಂಗಸಿನ ಜೀವನೋಪಾಯವೆಲ್ಲ ಆ ಪೆಡಲಿನ ಮೇಲೆಯೇ ನಿಂತಿದ್ದುದರಿಂದ, ತಾವು ಇದನ್ನು ಕ್ಷುಲ್ಲಕವೆಂದು ಬದಿಗಿಡಲಾರಿರಿ ಎಂದು ನಂಬಿದ್ದೇನೆ.

ಲಾಸ್ ತೋಸ್ಕಾಸ್ ಊರಿನಲ್ಲಿ ಬಾಡಿಗೆ ಕಾರು ಇರುವುದು ಒಂದೇ, ಅದು ಒತೀಲಿಯಾಳದು. ನಮ್ಮ ದೇಶದವರೆಲ್ಲ ‘ಐನೂರನಾಲ್ಕು’ ಎಂದು ಅಕ್ಕರೆಯಿಂದ ಕರೆಯುವ ಹಳೆಯ ಡೀಸೆಲ್ ಕಾರು; ಬಣ್ಣ ಬಿಳಿಯೆಂದು ಕಾಗದಪತ್ರಗಳು ಹೇಳುತ್ತವೆ. ಹಿಂದೆ ಯಾವನೋ ಪುಣ್ಯಾತ್ಮ ಅದರ ಕ್ಲಚ್ಚಿಗೆ, ಪೆಡಲ್ ಒತ್ತಿದಾಗ ಪೈಪಿನೊಳಗೆ ಎಣ್ಣೆ ನೂಕುವ ಮಾಸ್ಟರ್ ಸಿಲಿಂಡರನ್ನು ಲಾರಿಯದೇ ತಂದು ಕೂರಿಸಿ ಹೋಗಿದ್ದ. ಸಿಲಿಂಡರ್ ದಪ್ಪವಾದಷ್ಟೂ ಪೆಡಲ್ ಗಡಸಾಗುತ್ತದೆ, ಕ್ಲಚ್ ಹಿಡಿಯುವ ಜಾಗ ಕಿರಿದಾಗುತ್ತದೆ. ಪಾದವನ್ನು ಒಂದು ಕೂದಲೆಳೆಯಷ್ಟು ಎತ್ತಿದರೆ ಏನೂ ಆಗುತ್ತಿರಲಿಲ್ಲ. ಇನ್ನೊಂದು ಎಳೆಯಷ್ಟು ಎತ್ತಿದರೆ ಕಾರು ಮೇಕೆಮರಿಯಂತೆ ಜಿಗಿಯುತ್ತಿತ್ತು. ಊರಿನವರು ಇದಕ್ಕೆ ಒಗ್ಗಿಹೋಗಿದ್ದರು. ಹತ್ತಿದೊಡನೆ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಿದ್ದರು. ಕಟ್ಟಿಸಿದ ಹಲ್ಲಿನವರು ಹಲ್ಲನ್ನೂ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಒಗ್ಗದವನೆಂದರೆ ಪುರಸಭೆಯ ವಾಹನ ಪರೀಕ್ಷಕ ದೋನ್ ಎವಾರಿಸ್ತೊ. (‘ದೋನ್’ ಎಂದರೆ ನಮ್ಮಲ್ಲಿ ಯಜಮಾನರು, ‘ದೊನ್ಯಾ’ ಎಂದರೆ ಅಮ್ಮನವರು.) ಅವನು ಒತೀಲಿಯಾಳ ಬಿಟ್ಟುಹೋದ ಗಂಡನೂ ಹೌದು. ಅವರು ಬೇರೆಯಾದದ್ದು ಸಕ್ಕರೆಯ ಕಾರಣಕ್ಕೆ. ಸೋರೆ ಬುರುಡೆಯಲ್ಲಿ ಒಣ ಎಲೆ ತುಂಬಿ, ಬಿಸಿನೀರು ಹೊಯ್ದು, ಲೋಹದ ಕೊಳವೆಯಿಂದ ಹೀರುವ ಮಾಟೆಯನ್ನು ಆಕೆ ಕಹಿಯಾಗಿಯೇ ಕುಡಿಯುವ ಮನೆತನದವಳು. ಆತ ಅದೇ ಬುರುಡೆಗೆ ಕದ್ದು ಸಕ್ಕರೆ ಸುರಿಯುತ್ತಿದ್ದನಂತೆ. ಒಂದೇ ಬುರುಡೆ, ಒಂದೇ ಹೀರುಗೊಳವೆಯಲ್ಲಿ ಬಾಳುವವರಿಗೆ ಇದಕ್ಕಿಂತ ದೊಡ್ಡ ದ್ರೋಹವಿಲ್ಲವೆಂದು ಊರೇ ಆಕೆಯ ಪಕ್ಷ ವಹಿಸಿತ್ತು.

ಬಾಡಿಗೆ ಕಾರು ಪ್ರಯಾಣಿಕರಿಗೆ ಹಿತವಾಗಿರಬೇಕೆಂದಷ್ಟೇ ಪುರಸಭೆಯ ನಿಯಮ. ಹಿತವನ್ನು ಅಳೆಯುವ ಬಗೆಯನ್ನು ಎವಾರಿಸ್ತೊ ತಾನೇ ಕಂಡುಹಿಡಿದಿದ್ದ. ಮುಂದಿನ ಸೀಟಿನಲ್ಲಿ ಕುಳಿತು, ತೊಡೆಗಳ ನಡುವೆ ಬಿಸಿನೀರಿನ ಥರ್ಮಾಸ್ ಸಿಕ್ಕಿಸಿಕೊಂಡು, ಕೈಯಲ್ಲಿ ಅಂಚಿನವರೆಗೆ ತುಂಬಿದ ಮಾಟೆ ಬುರುಡೆ ಹಿಡಿಯುತ್ತಿದ್ದ. ಕಾರು ಹೊರಟ ಮೇಲೆ ಕುಡಿಯುವುದು, ನಿಂತಾಗ ಮತ್ತೆ ತುಂಬುವುದು. ಥರ್ಮಾಸ್ ಬರಿದಾದರೆ ಪರೀಕ್ಷೆ ಮುಗಿಯಿತು. ಅದಕ್ಕೆ ಮುನ್ನ ಒಂದು ಹನಿ ಚೆಲ್ಲಿದರೂ ನಪಾಸು. ಮಾಟೆಯಿಲ್ಲದೆ ಕಾರು ಹತ್ತುವವರು ನಮ್ಮಲ್ಲಿ ಇಲ್ಲದ್ದರಿಂದ ಈ ಕ್ರಮ ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಒತೀಲಿಯಾ ಆಗಲೇ ಎರಡು ಸಲ ನಪಾಸಾಗಿದ್ದಳು. ಎರಡನೆಯ ಸಲ ಬುರುಡೆಯಲ್ಲಿದ್ದುದೆಲ್ಲ ಪರೀಕ್ಷಕನ ಮಡಿಲಿಗೇ ಇಳಿದು, ಆತ ಬಹಳ ದಿನ ಕುದುರೆ ಸವಾರನಂತೆ ಕಾಲಗಲಿಸಿ ನಡೆದಿದ್ದ. ಮೂರನೆಯ ಸಲವೂ ತಪ್ಪಿದರೆ ಪರವಾನಗಿ ರದ್ದಾಗಿ ಎವಾರಿಸ್ತೊನ ಅಣ್ಣನ ಮಗನ ಪಾಲಾಗುತ್ತಿತ್ತು.

ಉಪಕರಣಗಳ ಪೆಟ್ಟಿಗೆಯನ್ನು ಮೊಪೆಡ್ಡಿಗೆ ಬಿಗಿದುಕೊಂಡು ಊರೂರು ಅಲೆಯುವ, ಜನ ‘ಫ್ಲಾಕೊ’ ಅಂದರೆ ಸಣಕಲ ಎಂದು ಕರೆಯುವ ಮೆಕ್ಯಾನಿಕ್ಕನಾದ ನಾನು ಆ ದಿನಗಳಲ್ಲಿ ಒತೀಲಿಯಾಳ ಕೊಟ್ಟಿಗೆಯಲ್ಲಿ ಬೀಡುಬಿಟ್ಟಿದ್ದೆ. ಪರೀಕ್ಷೆಯ ಹಿಂದಿನ ದಿನ ಕಾರಿನ ಅಡಿಯಲ್ಲಿ ಮಲಗಿ ನೋಡಿದವನು ತಲೆ ಹೊರಗೆ ಹಾಕಿದೆ.

“ಸಣ್ಣ ಸಿಲಿಂಡರ್ ಹಾಕ್ಬೇಕು, ದೊನ್ಯಾ ಒತೀಲಿಯಾ. ರಾಜಧಾನಿಯಿಂದ ಬಸ್ಸಲ್ಲಿ ಬರ್ಬೇಕು. ಮುಂದಿನ ವಾರ ಸಿಗತ್ತೆ.”

“ಪರೀಕ್ಷೆ ನಾಳೆ ಇಟ್ಕೊಂಡು ಮುಂದಿನ ವಾರ ಅಂತಾನೆ ನೋಡು! ಅಷ್ಟೊತ್ತಿಗೆ ಈ ಕಾರಲ್ಲಿ ಕೋಳಿ ಸಾಕಿರ್ತೀನಿ ಕಣೋ, ಫ್ಲಾಕೊ.”

“ಹೊರಡೋಣ್ವಾ?” ಎಂಬ ಧ್ವನಿ ಹಿಂದಿನ ಸೀಟಿನಿಂದ ಬಂತು. ಅದು ದೊನ್ಯಾ ಪೆರೆಗ್ರೀನಾ. ದಿನವೂ ಅದೇ ಹೊತ್ತಿಗೆ ತಂಗಿಯ ಮನೆಗೆ ಹೋಗುವ ಮುದುಕಿ. ಕಾರು ಜಾಕಿನ ಮೇಲಿದ್ದರೂ ಹತ್ತಿ ಕುಳಿತಿದ್ದಳು.

“ಚಕ್ರ ಬಿಚ್ಚಿದೆ, ದೊನ್ಯಾ ಪೆರೆಗ್ರೀನಾ.”

“ಪರವಾಗಿಲ್ಲ, ನನಗೇನು ಅವಸರ ಇಲ್ಲ.”

ನಾನು ಯೋಚಿಸಿ ಹೇಳಿದೆ: “ಇನ್ನೊಂದು ದಾರಿ ಇದೆ. ಎಣ್ಣೆ ವಾಪಸ್ ಹರಿಯೋ ದಾರೀನ ಕಿರಿದು ಮಾಡಿದ್ರೆ ಕ್ಲಚ್ ನಿಧಾನಕ್ಕೆ ಹಿಡಿಯತ್ತೆ, ಜಿಗಿಯಲ್ಲ. ಪೈಪಿನ ಒಳಗೆ ಕೂರೋಂಥ ಒಂದು ತೆಳು ಕೊಳವೆ ಬೇಕು. ಲೋಹದ್ದು. ತುದೀಲಿ ಜರಡಿ ಇದ್ರೆ ಕಸಾನೂ ತಡೆಯತ್ತೆ.”

ಮೂವರ ಕಣ್ಣೂ ನನ್ನ ಮಾಟೆ ಬುರುಡೆಯಲ್ಲಿದ್ದ ಹೀರುಗೊಳವೆಯ ಮೇಲೆ ನಿಂತವು. ಆದರೆ ಅದು ತೀರಾ ದಪ್ಪ. ಒತೀಲಿಯಾ ಒಳಗೆ ಹೋಗಿ ಒಂದು ಹಳೆಯ ಕಾಲುಚೀಲ ತಂದಳು. ಅದರೊಳಗಿಂದ ಹೊರಬಂದದ್ದು ಬೆಳ್ಳಿಯ ಹೀರುಗೊಳವೆ. ತೆಳ್ಳನೆಯದು, ಸುತ್ತ ದ್ರಾಕ್ಷಿಬಳ್ಳಿಯ ಕೆತ್ತನೆಯದು. ಅದು ಎವಾರಿಸ್ತೊನ ಅಜ್ಜನದೆಂದೂ, ಬೇರೆಯಾದಾಗಿನಿಂದ ಆತ ಅದನ್ನು ಹುಡುಕುತ್ತ ತುಟಿ ಸುಡುವ ತಗಡಿನ ಕೊಳವೆಯಲ್ಲಿ ಹೀರುತ್ತಿದ್ದಾನೆಂದೂ ಊರಿಗೆಲ್ಲ ಗೊತ್ತಿತ್ತು.

“ಕಳೆದುಹೋಯ್ತು ಅಂದಿದ್ರಲ್ಲ?”

“ಕಳೆದದ್ದು ಅವನ ಪಾಲಿಗೆ. ಕತ್ತರಿಸು.”

ಕತ್ತರಿಸಿದೆ. ನಡುವೆ ಇಕ್ಕಳದಿಂದ ಅಮುಕಿ ಸೂಜಿ ತೂರುವಷ್ಟೇ ದಾರಿ ಉಳಿಸಿ, ಕ್ಲಚ್ ಪೈಪಿನ ಕೂಡುಜಾಗದಲ್ಲಿ ಕೂರಿಸಿ, ಹೊಸ ಬ್ರೇಕ್ ಆಯಿಲ್ ತುಂಬಿ ಗಾಳಿ ತೆಗೆದೆವು. ಪೆಡಲ್ ಒತ್ತುವವರು ಬೇಕಿತ್ತಾದ್ದರಿಂದ ದೊನ್ಯಾ ಪೆರೆಗ್ರೀನಾಳನ್ನೇ ಮುಂದೆ ಕೂರಿಸಿದ್ದಾಯಿತು. ಆಕೆ ಜಪಮಾಲೆ ಎಣಿಸುವ ಲಯದಲ್ಲಿ ಒತ್ತಿ ಬಿಡುತ್ತಿದ್ದಳು. ಫಲಿತಾಂಶ ನನ್ನ ಊಹೆಯನ್ನು ಮೀರಿತು. ಪೆಡಲ್ ನಾದಿದ ಹಿಟ್ಟಿನೊಳಗೆ ಇಳಿದಂತೆ ಇಳಿಯುತ್ತಿತ್ತು. ಪಾದ ಎತ್ತಿದರೆ ಅದು ಕೂಡಲೇ ಮೇಲೇಳುವ ಗೋಜಿಗೇ ಹೋಗುತ್ತಿರಲಿಲ್ಲ; ಉಸಿರೆಳೆದು, ಯೋಚಿಸಿ, ನಿಧಾನವಾಗಿ ಏಳುತ್ತಿತ್ತು. ಪಾದ ಎತ್ತಿದ್ದಕ್ಕೂ ಕಾರು ಹೊರಟಿದ್ದಕ್ಕೂ ನಡುವೆ ಒಂದು ಸಣ್ಣ ಸಂಭಾಷಣೆಗೆ ಸಾಲುವಷ್ಟು ಬಿಡುವು ಹುಟ್ಟಿಕೊಂಡಿತ್ತು.

“ಕಡಿಮೆ ಅಮುಕಬೇಕಿತ್ತು,” ಎಂದೆ.

“ಇರ್ಲಿ ಬಿಡು,” ಎಂದಳು ಒತೀಲಿಯಾ. “ಜಿಗಿಯೋದಕ್ಕಿಂತ ಯೋಚನೆ ಮಾಡೋದು ವಾಸಿ.”

ಮರುದಿನ ಬೆಳಿಗ್ಗೆ ಎವಾರಿಸ್ತೊ ಎಣ್ಣೆಗೂದಲು ಬಾಚಿಕೊಂಡು, ಮಡಿಲ ಮೇಲೆ ದಪ್ಪ ಚರ್ಮದ ಹೊದಿಕೆ ಕಟ್ಟಿಕೊಂಡು ಬಂದ. ಹಿಂದಿನ ಸೀಟಿನಲ್ಲಿ ನಾನೂ, ಅದು ತನ್ನ ಹೊತ್ತೆಂಬ ಕಾರಣಕ್ಕೆ ದೊನ್ಯಾ ಪೆರೆಗ್ರೀನಾಳೂ ಕುಳಿತೆವು. ಆತ ಬುರುಡೆ ತುಂಬಿ ಕಣ್ಣು ಮುಚ್ಚಿಕೊಂಡು ಹೇಳಿದ:

“ಹೊರಡಿ.”

ಒತೀಲಿಯಾ ಪಾದ ಎತ್ತಿದಳು. ಕಾರು ನಿಂತೇ ಇತ್ತು.

“ಹೊರಡಿ ಅಂದೆ.”

“ಹೊರಟಿದೀನಿ.”

“ಎಲ್ಲಿ ಹೊರಟಿದೀರಿ? ಅದೇ ಬೇಲಿ ಕಾಣಿಸ್ತಿದೆ.”

“ಬರತ್ತೆ, ತಾಳಿ.”

ಆಗ ಕಾರು ದಡದಿಂದ ದೋಣಿ ಕಳಚಿಕೊಂಡಂತೆ ಸದ್ದಿಲ್ಲದೆ ಸರಿಯಿತು. ಬುರುಡೆಯೊಳಗಿನ ನೊರೆ ಕೂಡ ಅಲುಗಲಿಲ್ಲ. ಎವಾರಿಸ್ತೊ ಕಣ್ಣು ತೆರೆದು ಮಡಿಲನ್ನು ನೋಡಿಕೊಂಡ. ನಂಬಿಕೆ ಬರದೆ ಕೈಯಿಂದ ಮುಟ್ಟಿಯೂ ನೋಡಿದ. ಚರ್ಚಿನ ತಿರುವಿನಲ್ಲಿ ನಿಂತು ಮತ್ತೆ ಹೊರಡುವಾಗ ಅದೇ ಬಿಡುವು ಬಂತು. ಇಬ್ಬರೂ ಸುಮ್ಮನಿರಬೇಕಾದ ಆ ಮೌನ ಎಷ್ಟು ಅಸಹನೀಯವಾಗಿತ್ತೆಂದರೆ ಎವಾರಿಸ್ತೊನೇ ಬಾಯಿಬಿಟ್ಟ.

“ಚಾವಣಿ ಸೋರೋದು ನಿಂತಿದ್ಯಾ?”

“ಇಲ್ಲ.”

ಕಾರು ಹೊರಟಿತು. ಪಂಪ್ ಹೌಸಿನ ಮುಂದೆ ಮತ್ತೆ ನಿಂತಿತು.

“ನಾಯಿ?”

“ಸತ್ತೋಯ್ತು. ನಿನ್ನ ಚಪ್ಪಲಿ ಮೇಲೇ ಮಲಗಿತ್ತು ಕೊನೇವರೆಗೂ.”

ಎವಾರಿಸ್ತೊ ತಗಡಿನ ಕೊಳವೆಯಲ್ಲಿ ಹೀರಿದ, ತುಟಿ ಸುಟ್ಟುಕೊಂಡ. ಮುಂದಿನ ಬಿಡುವಿನಲ್ಲಿ ಅವನಿಗೆ ತಡೆಯಲಾಗಲಿಲ್ಲ.

“ಒತೀಲಿಯಾ, ನಿಜ ಹೇಳು. ಅಜ್ಜನ ಕೊಳವೆ ಎಲ್ಲಿದೆ?”

“ಇಲ್ಲೇ. ಕ್ಲಚ್ ಪೈಪಿನೊಳಗೆ. ನೀನು ಕುಡಿಯೋ ಮಾಟೆ ಚೆಲ್ಲದೇ ಇರೋದು ಅದರಿಂದ್ಲೇ.”

ವಾಚಕ ಮಹಾಶಯರೇ, ಆ ಮನುಷ್ಯನ ಇಕ್ಕಟ್ಟನ್ನು ಗಮನಿಸಿ. ಪಾಸಾದ ಕಾರಿನ ಒಂದು ತಿರುಪನ್ನೂ ಮುಂದಿನ ವರ್ಷದ ಪರೀಕ್ಷೆಯವರೆಗೆ ಮುಟ್ಟಬಾರದೆಂದು ನಿಯಮ ಮಾಡಿದವನು ಅವನೇ. ಪಾಸು ಮಾಡಿದರೆ ಅಜ್ಜನ ಬೆಳ್ಳಿ ಬ್ರೇಕ್ ಆಯಿಲ್‌ನಲ್ಲಿ ಮುಳುಗಿಯೇ ಇರಬೇಕು. ನಪಾಸು ಮಾಡಬೇಕಾದರೆ ಮಾಟೆ ಚೆಲ್ಲಬೇಕು. ಅಂದಿನಿಂದ ಆ ಪರೀಕ್ಷಕನಷ್ಟು ಶ್ರದ್ಧೆಯಿಂದ ಮಾಟೆ ಚೆಲ್ಲಲು ಹೆಣಗಿದವರನ್ನು ನಾನು ಕಂಡಿಲ್ಲ. ಹೊಂಡವಿದ್ದ ಬೀದಿಗಳಲ್ಲೇ ನಡೆಸೆಂದ. ಬುರುಡೆಯನ್ನು ಬೆರಳ ತುದಿಯಲ್ಲಿ ಹಿಡಿದ.

“ನಿಮ್ಮ ಕೈ ನಡುಗ್ತಿದೆ, ದೋನ್ ಎವಾರಿಸ್ತೊ,” ಎಂದಳು ಹಿಂದಿನಿಂದ ದೊನ್ಯಾ ಪೆರೆಗ್ರೀನಾ. “ಕಾರು ನಿಂತೇ ಇದೆ. ನಾನು ನೋಡ್ತಾ ಇದೀನಿ.”

ಕೊನೆಗೆ ಆತ “ಏರು!” ಎಂದ. ಜೋಳದ ಹೊಲಗಳು ಮೇಜಿನಂತೆ ಚಪ್ಪಟೆಯಾಗಿರುವ ನಮ್ಮ ಸೀಮೆಯಲ್ಲಿ ಏರೆಂದರೆ ರೈಲು ಹಳಿಯ ದಿಬ್ಬ ಒಂದೇ. ಮುಂದಿನ ಚಕ್ರ ಹಳಿಯ ಮೇಲೆ ಬರುವಂತೆ ನಿಲ್ಲಿಸಿ, ಅಲ್ಲಿಂದ ಹೊರಡಬೇಕೆಂದು ಅಪ್ಪಣೆಯಾಯಿತು. ಒತೀಲಿಯಾ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದಳು. ಎವಾರಿಸ್ತೊ ಥರ್ಮಾಸಿನ ಕೊನೆಯ ನೀರನ್ನು ಬುರುಡೆಗೆ ತುಂಬಿದ. ಅಂಚಿಗಿಂತ ಒಂದಿಷ್ಟು ಮೇಲೆಯೇ ನೀರು ಉಬ್ಬಿ ನಿಂತಿತು. ಅದೇ ಹೊತ್ತಿಗೆ ದೂರದಲ್ಲಿ ಧಾನ್ಯದ ರೈಲು ಕೂಗಿತು.

ಒತೀಲಿಯಾ ಪಾದ ಎತ್ತಿದಳು.

“ಹೊರಡು!”

“ಹೊರಟಿದೀನಿ.”

“ರೈಲು ಬರ್ತಿದೆ ಮಾರಾಯ್ತಿ!”

“ನನಗೂ ಕಾಣತ್ತೆ. ಇಷ್ಟು ದಿನ ಬೇಗ ಹೊರಡ್ತಿದ್ದಾಗ ನಪಾಸು ಮಾಡಿದ್ಯಲ್ಲ, ಈಗ ಕೂತ್ಕೋ.”

“ಇಳಿಯೋಣ್ವಾ?” ಎಂದೆ ನಾನು.

“ನಾನು ಇಳಿಯಲ್ಲ, ತಂಗಿ ಮನೆ ಇನ್ನೂ ಮುಂದಿದೆ,” ಎಂದಳು ದೊನ್ಯಾ ಪೆರೆಗ್ರೀನಾ.

ಕಾರು ಹೊರಡಲು ಅಣಿಯಾಗಿ ಮೂಗು ಎತ್ತುವಷ್ಟರಲ್ಲಿ ಅವಸರಕ್ಕೆ ಕಾರಣವೇ ಉಳಿದಿರಲಿಲ್ಲ. ರೈಲು ಆಕಳಿಸಿದಂತೆ ನಿಟ್ಟುಸಿರುಬಿಟ್ಟು, ಒಂದು ಹಸು ಮಲಗುವಷ್ಟು ಅಂತರದಲ್ಲಿ ನಿಂತುಬಿಟ್ಟಿತ್ತು. ಒತೀಲಿಯಾ ಮರ್ಯಾದೆಗೆಂದು ಮತ್ತೆ ಕ್ಲಚ್ ಒತ್ತಿದಳು. ಎಂಜಿನಿನಿಂದ ಹೊಟ್ಟೆ ಹೊತ್ತ ಚಾಲಕನೊಬ್ಬ ಇಳಿದು ಬಂದು ಕಿಟಕಿಯಲ್ಲಿ ಬಗ್ಗಿದ. ಬೈಯಲು ತೆರೆದ ಬಾಯಿ, ತುಂಬಿದ ಬುರುಡೆ ಕಂಡೊಡನೆ ಮೃದುವಾಯಿತು.

“ಬೆಳಗಿಂದ ಗಂಟಲು ಒಣಗಿದೆ, ಗೆಳೆಯಾ. ಒಂದು ಸರದಿ ಕೊಡ್ತೀಯಾ?”

ಕೇಳಿದವನಿಗೆ ಮಾಟೆ ಇಲ್ಲವೆನ್ನುವ ಬಾಯಿ ನಮ್ಮ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ಎವಾರಿಸ್ತೊ ಕೊಟ್ಟ. ಚಾಲಕ ದೊಡ್ಡ ಕೈಗಳಲ್ಲಿ ಒಂದು ಹನಿಯೂ ಚೆಲ್ಲದಂತೆ ತೆಗೆದುಕೊಂಡು, ತಳ ಗೊರಗುಟ್ಟುವವರೆಗೆ ಹೀರಿ, ಮುಖ ಕಿವುಚಿದ.

“ಅಯ್ಯಪ್ಪಾ, ಕಹಿ! ಒಂದ್ ಚಮಚ ಸಕ್ಕರೆ ಹಾಕ್ಬಾರ್ದಿತ್ತಾ?”

ಒತೀಲಿಯಾ ಗಂಡನ ಕಡೆ ತಿರುಗಿದಳು.

“ಸಕ್ಕರೆ ಹಾಕಿಲ್ವಾ?”

“ಬಿಟ್ಟು ಬಹಳ ಕಾಲ ಆಯ್ತು.”

“ಅದನ್ನ ಹೇಳ್ಬಾರ್ದಿತ್ತಾ?”

“ಹೇಳೋಕೆ ಪುರುಸೊತ್ತೆಲ್ಲಿತ್ತು? ಹತ್ತಿ ಕೂತ ತಕ್ಷಣ ಕಾರು ಜಿಗೀತಿತ್ತು.”

ಚಾಲಕ ಬುರುಡೆ ಹಿಂದಿರುಗಿಸಿ, “ನೀವು ಹೊರಡೋವರೆಗೂ ಕಾಯ್ತೀನಿ, ನಿಧಾನ ಆಗ್ಲಿ,” ಎಂದ. ಎವಾರಿಸ್ತೊ ಥರ್ಮಾಸನ್ನು ತಲೆಕೆಳಗು ಮಾಡಿ ಅಲುಗಿಸಿದ. ಬರಿದಾಗಿತ್ತು. ಚರ್ಮದ ಹೊದಿಕೆ ಒಣಗಿಯೇ ಇತ್ತು. ಆತ ಅದನ್ನು ಬಿಚ್ಚಿ ಮಡಿಸಿಟ್ಟು, ಜೇಬಿನಿಂದ ಪುರಸಭೆಯ ಮೊಹರು ತೆಗೆದ.

“ಪಾಸು,” ಎಂದ, ಹಲ್ಲು ಕೀಳಿಸಿಕೊಂಡವನಂತೆ. “ಆದ್ರೆ ಅಜ್ಜನ ಕೊಳವೆ ಹೇಗಿದೆ ಅಂತ ನಾನು ಆಗಾಗ ಬಂದು ನೋಡ್ಬೇಕಾಗತ್ತೆ.”

“ಪೈಪಿನೊಳಗಿರೋದನ್ನ ಹೆಂಗೆ ನೋಡ್ತೀಯಾ?”

“ಪಕ್ಕದಲ್ಲಿ ಕೂತು.”

ಸಿಲಿಂಡರ್ ಹೇಳಿದ ವಾರವೇ ಬಸ್ಸಿನಲ್ಲಿ ಬಂತು. ಹೊಸದು, ಅಳತೆಗೆ ಸರಿಯಾದುದು, ಪೆಡಲಿಗೆ ಬೆಣ್ಣೆಯ ಹದ ಕೊಡುವಂಥದು. ಒತೀಲಿಯಾ ಅದನ್ನು ತಿರುಗಿಸಿ ನೋಡಿ ನನ್ನ ಪೆಟ್ಟಿಗೆಯಲ್ಲೇ ಇಟ್ಟಳು.

“ನಿಯಮ ಇದೆಯಲ್ಲ, ಫ್ಲಾಕೊ. ಮುಟ್ಟೋ ಹಾಗಿಲ್ಲ.”

ಕ್ಲಚ್ಚಿನ ಕೆಲಸವಿಲ್ಲದ ಊರಿನಲ್ಲಿ ನನಗೇನು ಕೆಲಸ? ಸ್ಪ್ಯಾನರುಗಳನ್ನು ಒರೆಸಿ ಅಳತೆಯಂತೆ ಜೋಡಿಸಿದೆ. ಕಂಬಳಿ ಸುತ್ತಿ, ಥರ್ಮಾಸ್ ತುಂಬಿ, ಪೆಟ್ಟಿಗೆಯನ್ನು ಮೊಪೆಡ್ಡಿಗೆ ಬಿಗಿದು ಹೊರಟೆ. ರೈಲು ದಿಬ್ಬದ ಮೇಲೆ ಐನೂರನಾಲ್ಕು ನಿಂತಿತ್ತು. ಮುಂದೆ ಅವರಿಬ್ಬರು ಯಾವುದೋ ವಿಷಯಕ್ಕೆ ಜೋರಾಗಿ ವಾದಿಸುತ್ತಿದ್ದರು, ಹಿಂದೆ ದೊನ್ಯಾ ಪೆರೆಗ್ರೀನಾ ನಿದ್ರಿಸುತ್ತಿದ್ದಳು. ನಾನು ಕೈಬೀಸಿ ಪಕ್ಕದಲ್ಲೇ ದಾಟಿದೆ. ದಿಬ್ಬ ಇಳಿದು, ಜೋಳದ ಹೊಲದ ಅಂಚಿನಲ್ಲಿ ತೆಂಕಣ ರಸ್ತೆಗೆ ತಿರುಗುವಾಗ ಒಮ್ಮೆ ಹಿಂದಿರುಗಿ ನೋಡಿದೆ. ಕಾರು ಆಗಷ್ಟೇ ಹೊರಡುತ್ತಿತ್ತು.