ಮೇಸನ್ ಶೀನಪ್ಪನವರ ಮಗಳು

ಶೀನಪ್ಪನವರು ಹುಟ್ಟಿದಮೇಲೆ ಒಂದು ಇಟ್ಟಿಗೆ ಎತ್ತಿದವರಲ್ಲ. ಬಿ.ಕಾಂ. ಓದಿ, ದುಬೈಯ ಕಟ್ಟಡ ಕಂಪೆನಿಯೊಂದರಲ್ಲಿ ಹದಿನೆಂಟು ವರ್ಷದಿಂದ ಅಕೌಂಟೆಂಟ್. ಜುಮೇರಾ ಲೇಕ್ ಟವರ್ಸ್‌ನ ಇಪ್ಪತ್ತನೇ ಮಹಡಿಯಲ್ಲಿ ಎಸಿಯ ಕೆಳಗೆ ಕೂತು ಸೀನುವುದೇ ಅವರ ದೊಡ್ಡ ಕಷ್ಟ. ಆದರೆ ವೀಸಾದಲ್ಲಿ ಮಾತ್ರ ಉದ್ಯೋಗ 'ಮೇಸನ್' ಎಂದಿತ್ತು. ಬಂದಾಗ ಕಂಪೆನಿಯ ಕೈಯಲ್ಲಿದ್ದದ್ದು ಮೇಸ್ತ್ರಿ ವೀಸಾ, ಇವರಿಗೆ ಬೇಕಿದ್ದದ್ದು ಕೆಲಸ; ಎರಡೂ ಕೂಡಿ ಬಂತು. ಆಮೇಲೆ ಸಂಬಳದ ಪತ್ರ ಹಿಡಿದು ಹತ್ತು ಬಾಗಿಲು ತಟ್ಟಿ ಹೆಂಡತಿ, ಮಗಳನ್ನೂ ಕರೆಸಿಕೊಂಡರು. ವೀಸಾದ ಆ ಒಂದು ಶಬ್ದವನ್ನು ಯಾರು ನೋಡುತ್ತಾರೆ ಮಾರಾಯರೇ, ಎಂದು ಹಾಯಾಗಿದ್ದರು.

ನೋಡಿದ್ದು ಮಗಳ ಶಾಲೆ.

ದುಬೈಯ ಊದ್ ಮೇಥಾ ಬಡಾವಣೆಯ ಆ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿಗೆ ಬಂದ ಮಕ್ಕಳನ್ನು ಎ ಯಿಂದ ಎಫ್‌ವರೆಗೆ ವಿಂಗಡಿಸುವ ಹೊಸ ಹುಚ್ಚು ಶುರುವಾಗಿತ್ತು. ಎ ಸೆಕ್ಷನ್‌ನವರಿಗೆ ಮಾತ್ರ ಮುಂದೆ ಸೈನ್ಸ್. ಎಫ್‌ನವರಿಗೆ ಸುಲಭದ ಪಾಠ, ಜೊತೆಗೆ ವಾರಕ್ಕೆ ಮೂರು ಕ್ರಾಫ್ಟ್ ಪೀರಿಯಡ್. ಡಾಕ್ಟರಾಗುತ್ತೇನೆಂದು ಹಟ ಹಿಡಿದು ಗಣಿತದಲ್ಲಿ ತೊಂಬತ್ತೊಂದು ತೆಗೆದ ಅಶ್ಮಿತಾ ಎಫ್‌ಗೆ ಬಿದ್ದಳು. "ಪಪ್ಪಾ, ಇಟ್ಸ್ ನಾಟ್ ಫೇರ್," ಎಂದು ಅವಳು ಅತ್ತಳು.

"ನೀವು ಹೋಗಿ ಗಟ್ಟಿ ಮಾತಾಡಬೇಕು," ಎಂದರು ಹೆಂಡತಿ ವಾರಿಜಾಕ್ಷಿ. "ಎಲ್ಲದಕ್ಕೂ ತಲೆ ಆಡಿಸಿಕೊಂಡು ಬರುವುದಲ್ಲ, ಆಯ್ತಾ?"

ಮೂವರೂ ಹೋದರು. ಆ ಕ್ಲಾಸುಗಳ ಹೊಣೆ ಹೊತ್ತ ಸೂಪರ್‌ವೈಸರ್ ಶ್ರೀಕಂಠಯ್ಯ ಮೈಸೂರಿನವರು. ಕನ್ನಡದವರು ಬಂದರೆಂದು ಖುಷಿಯಲ್ಲಿ ಚಹಾ ತರಿಸಿದರು. ಫೈಲು ಬಿಡಿಸಿ ನೋಡಿದಮೇಲೆ ಮುಖ ಇನ್ನಷ್ಟು ಅರಳಿತು.

"ಓಹೋ, ಮೇಸ್ತ್ರೀನಾ ನೀವು! ಒಳ್ಳೇದೇ ಆಯ್ತು ಕಣ್ರೀ. ಈ ಗೋಡೆ ಬಿರುಕು ಒಂಚೂರು ನೋಡ್ತೀರಾ?"

ಅಯ್ಯೋ ದೇವರೇ, ಅಲ್ಲ ಎನ್ನಲು ಒಂದು ಬಾಯಿ ಬೇಡವೇ? ಎದ್ದರು ನಮ್ಮ ಶೀನಪ್ಪನವರು. ಬಿರುಕಿಗೆ ಬೆರಳಿಟ್ಟರು, ಎರಡು ಸಲ ತಟ್ಟಿದರು, ಕಿವಿಯನ್ನೂ ಕೊಟ್ಟರು. "ಸಿಮೆಂಟು ಕಮ್ಮಿ ಆಗಿದೆ ಸರ್," ಎಂದು ಗಂಭೀರವಾಗಿ ವರದಿ ಒಪ್ಪಿಸಿದರು.

ವಾರಿಜಾಕ್ಷಿ ಹಣೆ ಚಚ್ಚಿಕೊಂಡರು. "ಸರ್, ಇವರು ಅಕೌಂಟೆಂಟ್! ವೀಸಾದಲ್ಲಿ ಹಾಗೆ ಉಂಟು, ಅಷ್ಟೆ. ನಮ್ಮ ಮಗಳನ್ನು ಎಫ್‌ಗೆ ಹಾಕಿದ್ದು ಎಂತಕ್ಕೆ, ಅದು ಹೇಳಿ."

ಶ್ರೀಕಂಠಯ್ಯ ತಡವರಿಸಿದರು. ಮಾರ್ಕಿನ ಜೊತೆ 'ಮನೆಯ ವಾತಾವರಣ'ವನ್ನೂ ನೋಡಿದ್ದರಂತೆ. ಅದು ಗೊತ್ತಾಗುವುದು ಹೇಗೆ? ಅಪ್ಪನ ವೀಸಾ ಕಾಪಿಯಿಂದ!

"ತಪ್ಪು ತಿಳೀಬೇಡಿ. ನಿಮ್ಮ ಮಂಗಳೂರು ಕಡೆಯವರು, ಬ್ಯಾರಿಗಳು, ಎಲ್ಲಾ ವ್ಯಾಪಾರದಲ್ಲಿ ಎತ್ತಿದ ಕೈ. ಮಕ್ಕಳಿಗೆ ಸೈನ್ಸ್ ಯಾಕೆ ಭಾರ ಅಂತ... ಇರ್ಲಿ ಬಿಡಿ, ಅಕೌಂಟೆಂಟ್ ಅಂದ್ಮೇಲೆ ಮುಗೀತಲ್ಲ. ನಾಳೆಯಿಂದ ನಿಮ್ಮ ಮಗಳು ಎ ಸೆಕ್ಷನ್ನು. ಯಾರಿಗೂ ಹೇಳ್ಬೇಡಿ."

ಖಲಾಸ್, ಬಂದ ಕೆಲಸ ಆಯಿತು. ಶೀನಪ್ಪನವರು ತಲೆ ಆಡಿಸಿ ಎದ್ದೇಬಿಟ್ಟರು. ಅಶ್ಮಿತಾ ಏಳಲಿಲ್ಲ.

"ಮಿನ್ಹಾಗೆ ನೈಂಟಿ ಫೋರ್, ಪಪ್ಪಾ," ಎಂದಳು. "ಅವಳೂ ಎಫ್."

ಮಿನ್ಹಾ ಅವಳ ಗೆಳತಿ. ಅಪ್ಪ ಮುಹಿಯುದ್ದೀನ್ ವೀಸಾದಲ್ಲೂ ಡ್ರೈವರ್, ನಿಜದಲ್ಲೂ ಡ್ರೈವರ್. ಇಲ್ಲಿ ಬಂದು ಹೇಳಿಕೊಳ್ಳಲು ಅವರಿಗೆ ಬೇರೆ ಉದ್ಯೋಗವೇ ಇರಲಿಲ್ಲ.

ಬಾಗಿಲ ತನಕ ಹೋಗಿದ್ದ ಶೀನಪ್ಪನವರು ನಿಂತರು. ನಾಚಿಕೆಯೆಂದರೆ ನಾಚಿಕೆ, ಕಿವಿ ಬಿಸಿಯಾಗುವಷ್ಟು. ವಾಪಸು ಬಂದು ಕೂತು, ಮೇಜಿನ ಮೇಲಿದ್ದ, ಮಕ್ಕಳ ಮಾರ್ಕು, ಅಪ್ಪನ ಉದ್ಯೋಗ, ಸೆಕ್ಷನ್ ಎಲ್ಲ ಬರೆದಿದ್ದ ಪಟ್ಟಿಯನ್ನು ಎಳೆದುಕೊಂಡು, ಜೇಬಿನಿಂದ ಕೆಂಪು ಪೆನ್ನು ತೆಗೆದರು. ತಪ್ಪು ಹುಡುಕುವ ಕೆಲಸ ಅವರಿಗೆ ಹೊಸದಲ್ಲ. ಡ್ರೈವರ್, ಟೈಲರ್, ಎಲೆಕ್ಟ್ರೀಷಿಯನ್: ಎಫ್, ಎಫ್, ಎಫ್. ಎ ಸೆಕ್ಷನ್‌ನಲ್ಲಿ ಮ್ಯಾನೇಜರೊಬ್ಬರ ಮಗ, ಗಣಿತದಲ್ಲಿ ನಲವತ್ತೆರಡು.

"ಒಳ್ಳೆ ಮಾರ್ಕಿದ್ದೂ ಹನ್ನೊಂದು ಮಕ್ಕಳು ಎಫ್‌ನಲ್ಲಿದ್ದಾರೆ ಸರ್. ಎಲ್ಲರಿಗೂ ಒಂದೇ ಟೆಸ್ಟ್ ಕೊಡಿ. ಇಲ್ಲದಿದ್ದರೆ ನನ್ನ ಮಗಳೂ ಎಫ್‌ನಲ್ಲೇ ಇರಲಿ."

ವಾರಿಜಾಕ್ಷಿ ಬಾಯಿಮೇಲೆ ಕೈ ಇಟ್ಟುಕೊಂಡರು. ಮದುವೆಯಾದಂದಿನಿಂದ ಗಂಡ ಇಷ್ಟು ಉದ್ದ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ.

ಕೆಂಪು ಗುರುತುಗಳನ್ನು ನೋಡಿ ಶ್ರೀಕಂಠಯ್ಯ ಬೆವರು ಒರೆಸಿಕೊಂಡರು. "ಆಯ್ತಪ್ಪ, ಗುರುವಾರ ಟೆಸ್ಟು," ಎಂದು ಹೊಸ ಫಾರಂ ಮುಂದಿಟ್ಟರು. "ಈ ಸಲ ತಂದೆ ಉದ್ಯೋಗ ಅಕೌಂಟೆಂಟ್ ಅಂತಾನೇ ಬರೀರಿ."

ಶೀನಪ್ಪನವರು ದೊಡ್ಡ ಅಕ್ಷರದಲ್ಲಿ 'ಮೇಸನ್' ಎಂದು ಬರೆದರು.

"ಅಯ್ಯೋ, ಎಂತ ಮಾಡಿದ್ರಿ!"

"ಇರಲಿ ಮಾರಾಯ್ತಿ. ಗೆದ್ದರೆ ಮೇಸ್ತ್ರಿಯ ಮಗಳಾಗಿಯೇ ಗೆಲ್ಲಲಿ."

ಟೆಸ್ಟಿನಲ್ಲಿ ಮಿನ್ಹಾ ಮೊದಲು, ಅಶ್ಮಿತಾ ಎರಡನೆಯವಳು. ಹನ್ನೊಂದರಲ್ಲಿ ಒಂಬತ್ತು ಮಕ್ಕಳು ಎ ಸೆಕ್ಷನ್ನಿಗೆ ಹೋದರು. ಮರುದಿನವೇ ಶ್ರೀಕಂಠಯ್ಯನವರ ಫೋನು.

"ಮಗಳು ಭಾರೀ ಚುರುಕು ಕಣ್ರೀ. ಅಂದಹಾಗೆ, ವೀಸಾದಲ್ಲೂ ಫಾರಂನಲ್ಲೂ ಮೇಸನ್ ಅಂತಾನೇ ಇದೆಯಲ್ಲ, ಆ ಗೋಡೆಗೆ ಯಾವಾಗ ಬರ್ತೀರಿ?"

"ಸರ್," ಎಂದರು ಶೀನಪ್ಪನವರು, "ಇನ್ನಾದರೂ ವೀಸಾ ನೋಡಬೇಡಿ. ಕೆಲಸ ಗೊತ್ತಿದ್ದವರನ್ನು ಕರೆಯಿರಿ."